ಗಯಾನಾಕ್ಕೆ ಐದುನೂರ ನಲವತ್ತು ರೊಟ್ಟಿ

ಸಿದ್ದಾಪುರದ ಯಂಕೋಬನಿಗೆ ನಲವತ್ತಾರು ವರ್ಷದವರೆಗೆ ದಕ್ಷಿಣ ಅಮೆರಿಕದ ಬಗ್ಗೆ ಯಾವ ಅಭಿಪ್ರಾಯವೂ ಇರಲಿಲ್ಲ. ಇರಬೇಕಾದ ಪ್ರಸಂಗವೂ ಬಂದಿರಲಿಲ್ಲ. ಅವನು ವಿರೂಪಾಕ್ಷಪ್ಪ ಸಾಹುಕಾರರ ರೈಸ್‌ಮಿಲ್ಲಿನಲ್ಲಿ ಫಿಟ್ಟರು. ಭತ್ತದ ಸಿಪ್ಪೆ ಸುಲಿಯುವ ಮಷೀನಿನ ಸದ್ದು ಕೇಳಿಯೇ ಒಳಗಿನ ರಬ್ಬರ್ ರೋಲರು ಇನ್ನೆಷ್ಟು ದಿನ ಬಾಳುತ್ತದೆಂದು ಹೇಳಬಲ್ಲ ಕಿವಿ ಅವನದು. ಮಷೀನು ಬಿಟ್ಟು ಉಳಿದ ವಿಷಯಗಳಲ್ಲಿ ಅದೇ ಕಿವಿಗೆ ಅರ್ಧ ಮಾತ್ರ ಕೇಳುತ್ತಿತ್ತು, ಆ ಅರ್ಧವನ್ನೂ ಅವನು ತಪ್ಪು ತಿಳಿಯುತ್ತಿದ್ದ ಎಂದು ಹೆಂಡತಿ ದುರುಗವ್ವ ಹೇಳುತ್ತಿದ್ದಳು.

ಡಿಸೆಂಬರಿನ ಒಂದು ಮಧ್ಯಾಹ್ನ ಮಷೀನು ಕಂಪನಿಯ ಗಂಗಾವತಿ ಏಜೆಂಟ ಗೋವಿಂದರಾಜ ಮಿಲ್ಲಿಗೆ ಬಂದು, ತೌಡಿನ ಚೀಲದ ಮೇಲೆ ಕರವಸ್ತ್ರ ಹಾಸಿಕೊಂಡು ಕೂತ.

“ಗಯಾನಾ ಅಂತ ಒಂದು ದೇಶ ಐತ್ರಿ ಯಂಕೋಬ ಅವ್ರ. ದಕ್ಷಿಣ ಅಮೆರಿಕಾದಾಗ. ಅಲ್ಲೆ ಒಂದು ಮಿಲ್ಲಿಗೆ ನಮ್ಮ ಕಂಪನಿ ನಾಕು ಮಷೀನ್ ಕೊಟ್ಟೈತಿ. ನೀವು ಆರು ತಿಂಗಳ ಹೋಗಿ ಅವನ್ನ ಕುಂದರಿಸಿ, ಅಲ್ಲಿ ಮಂದಿಗೆ ಕಲಿಸಿ ಬರಬೇಕು.”

“ಅಲ್ಲಿ ಮಂದಿ ಏನ್ ಉಣ್ತಾರ್ರಿ?” ಯಂಕೋಬನ ಮೊದಲ ಪ್ರಶ್ನೆ ಅದು.

“ಅನ್ನ. ನಮ್ಮಂಗ ಕಾಲುವಿ, ನಮ್ಮಂಗ ಭತ್ತ.”

“ಬರೇ ಅನ್ನ?”

ಯಂಕೋಬ ಭತ್ತದ ಸೀಮೆಯವನಾದರೂ ರೊಟ್ಟಿ ಮುರಿಯದ ಊಟವನ್ನು ಊಟವೆಂದು ಒಪ್ಪಿದವನಲ್ಲ. ದುರುಗವ್ವ ಯಲಬುರ್ಗಾ ಕಡೆಯ ಎರೆಹೊಲದ ಊರಿನವಳು. ಅವಳ ತವರಿನ ಜೋಳವೇ ಅವನ ಹೊಟ್ಟೆಯನ್ನು ಇಪ್ಪತ್ತು ವರ್ಷ ಕಾಪಾಡಿಕೊಂಡು ಬಂದಿತ್ತು.

ಗೋವಿಂದರಾಜ ಮುಂದಿನ ಮಾತು ಹೇಳಿದ. ಪಗಾರ ದುರುಗವ್ವನ ಖಾತೆಗೆ ಬರುತ್ತದೆ, ಇರಲು ಕೋಣೆ ಪುಕ್ಕಟೆ. ಊಟದ ಬತ್ತೆ ಅಂತ ದಿನಕ್ಕೆ ಅವರ ದುಡ್ಡಿನಲ್ಲಿ ಮೂರೂವರೆ ಸಾವಿರ ಡಾಲರು ಕೈಗೆ ಕೊಡುತ್ತಾರೆ. ಅವರ ಎರಡೂವರೆ ಡಾಲರಿಗೆ ನಮ್ಮ ಒಂದು ರೂಪಾಯಿ.

“ಉಂಡ್ರ ಉಣ್ರಿ. ಉಳಿಸಿದ್ರ ನಿಮ್ದ.”

ಆ ಕೊನೆಯ ಮಾತು ಯಂಕೋಬನ ಕಿವಿಗೆ ಪೂರ್ತಿ ಕೇಳಿಸಿತು. ಆರು ತಿಂಗಳ ಬತ್ತೆ ಎರಡೂವರೆ ಲಕ್ಷ ರೂಪಾಯಿ. ಸರಿಯಾಗಿ ಅವನ ಮನೆಯ ಸ್ಲ್ಯಾಬಿನ ಖರ್ಚು.

ಈ ಸ್ಲ್ಯಾಬಿನ ವಿಷಯ ಸ್ವಲ್ಪ ಹೇಳಬೇಕು. ಯಂಕೋಬನ ಮನೆಗೆ ಗೋಡೆಗಳಿದ್ದವು, ಮೇಲೆ ತಗಡಿತ್ತು. ಬೇಸಿಗೆಯಲ್ಲಿ ಆ ತಗಡಿನ ಕೆಳಗೆ ಒಲೆ ಹಚ್ಚಿ ರೊಟ್ಟಿ ಬಡಿಯುವ ದುರುಗವ್ವನಿಗೆ, ಬೇಯುತ್ತಿರುವುದು ರೊಟ್ಟಿಯೋ ತಾನೋ ಎಂಬ ಅನುಮಾನ ದಿನಾ ಬರುತ್ತಿತ್ತು. ತಗಡು ತೆಗೆದು ಸ್ಲ್ಯಾಬು ಹಾಕಿಸುವುದಾಗಿ ಯಂಕೋಬ ಮಾತು ಕೊಟ್ಟು ಹನ್ನೆರಡು ವರ್ಷವಾಗಿತ್ತು. ಈಗ ಅವನು ಸುಮ್ಮನೆ ವಿಮಾನ ಹತ್ತಿ ಹೋಗಿದ್ದರೆ ಕಥೆ ಇರುತ್ತಿರಲಿಲ್ಲ. ಅವನು ನೆಟ್ಟಗೆ ಬಸ್‌ಸ್ಟ್ಯಾಂಡಿನ ಚಹಾದಂಗಡಿಗೆ ಹೋಗಿ ಎಂಟು ಮಂದಿಯೆದುರು ಘೋಷಿಸಿದ.

“ಅಲ್ಲೆ ಆರು ತಿಂಗಳ ಒಂದು ರೂಪಾಯಿ ಖರ್ಚ್ ಮಾಡಂಗಿಲ್ಲ. ಬತ್ತೇದಾಗ ಸ್ಲ್ಯಾಬ್ ಹಾಕಿಸ್ತೀನಿ. ಬರೀರಿ ಬೇಕಾರ.”

ಚಹಾದ ದುಡ್ಡನ್ನು ಬೇರೆಯವರು ಕೊಟ್ಟರು. ಅದು ರೂಢಿ.

ಮನೆಗೆ ಬಂದು ಗಂಡಹೆಂಡತಿ ಮೊಬೈಲಿನಲ್ಲಿ ಗಯಾನಾವನ್ನು ಹುಡುಕಿದರು. ಅಲ್ಲಿ ನೆಲೆಸಿದ್ದ ಭಾರತದ ಹೆಣ್ಣುಮಗಳೊಬ್ಬಳು ಪರದೇಶದವರಿಗೆ ತಿಂಗಳಿಗೆ ಎಷ್ಟು ಖರ್ಚಾಗುತ್ತದೆಂದು ಹಿಂದಿಯಲ್ಲಿ ವಿವರಿಸುವ ವೀಡಿಯೊ ಸಿಕ್ಕಿತು. ಅಂಗಡಿಯಲ್ಲಿ ಗಾಡಿ ತಳ್ಳುತ್ತ ಅವಳು ಒಂದೊಂದೇ ಸಾಮಾನು ಎತ್ತಿ ಬೆಲೆ ಹೇಳುತ್ತಿದ್ದಳು. ಅಲ್ಲಿ ಬೆಳೆಯುವುದು ಅಗ್ಗ, ಹಡಗಿನಲ್ಲಿ ಬರುವುದು ಮುಟ್ಟುವ ಹಾಗಿಲ್ಲ. ಹೋಟೆಲಿನ ಒಂದು ಊಟಕ್ಕೆ ಎರಡು ಸಾವಿರ. ಕ್ಷೌರಕ್ಕೆ ಒಂದೂವರೆ ಸಾವಿರ. ಹೂಕೋಸಿನ ಬೆಲೆ ಕೇಳಿ ದುರುಗವ್ವ ವೀಡಿಯೊವನ್ನು ಹಿಂದಕ್ಕೆ ಸರಿಸಿ ಇನ್ನೊಮ್ಮೆ ಕೇಳಿದಳು.

“ಅದು ಹೂಕೋಸೋ, ಬಂಗಾರದ ಹೂವೋ?”

“ಎರಡು ಹೊತ್ತು ಹೋಟೆಲ್ನ್ಯಾಗ ಉಂಡ್ರ ನಾಕು ಸಾವಿರ,” ಎಂದ ಯಂಕೋಬ ಕಂಗಾಲಾಗಿ. “ಬತ್ತೇ ಮೂರೂವರೆ. ಕೈಲೆ ಹಾಕಿ ಬರಬೇಕಾಗತೈತಿ.”

“ಅಲ್ಲೆ ಅಡಗಿ ಮಾಡ್ಕೋರಿ.”

“ನಂಗ ಬರ್ತೈತೇನು?”

ಇಪ್ಪತ್ತು ವರ್ಷದ ಸಂಸಾರದಲ್ಲಿ ಆ ಪ್ರಶ್ನೆಗೆ ಉತ್ತರ ಕೊಡುವ ಕಷ್ಟವನ್ನು ದುರುಗವ್ವ ಎಂದೂ ತೆಗೆದುಕೊಂಡವಳಲ್ಲ. ಕೊನೆಗೆ ಅವಳೇ ಹೇಳಿದಳು: “ಖಡಕ್ ರೊಟ್ಟಿ ಮಾಡಿಕೊಡ್ತೀನಿ. ಆರು ತಿಂಗಳಾದ್ರೂ ಕೆಡಂಗಿಲ್ಲ. ಕಟಗೊಂಡು ಹೋಗ್ರಿ.”

ಮರುದಿನ ಯಂಕೋಬ ಒಂದು ಖಡಕ್ ರೊಟ್ಟಿ ಒಯ್ದು, ಅಕ್ಕಿಯ ಮಾದರಿ ತೂಗುವ ಮಿಲ್ಲಿನ ಸಣ್ಣ ತಕ್ಕಡಿಯ ಮೇಲೆ ಇಟ್ಟ. ವಿರೂಪಾಕ್ಷಪ್ಪ ಸಾಹುಕಾರರು ಕನ್ನಡಕ ಏರಿಸಿ ನೋಡಿದರು.

“ಯಂಕೋಬ, ತಕ್ಕಡಿ ಮ್ಯಾಲ ಏನದು?”

“ರೊಟ್ಟಿರಿ ಸಾಹುಕಾರ್ರ.”

“ತೇವ ಎಷ್ಟೈತಿ ಅಂತ ನೋಡಾಕತ್ತೀಯೇನು?”

“ಇಲ್ರಿ, ತೂಕ. ಐವತ್ತೈದು ಗ್ರಾಂ ಬಂತು.”

ವಿಮಾನದವರು ಮೂವತ್ತು ಕಿಲೋ ಒಯ್ಯಲು ಬಿಡುತ್ತಾರೆಂದು ಗೋವಿಂದರಾಜ ಹೇಳಿದ್ದ. ದಿನಕ್ಕೆ ಮೂರು ರೊಟ್ಟಿಯಂತೆ ನೂರಾ ಎಂಬತ್ತು ದಿನಕ್ಕೆ ಐದುನೂರ ನಲವತ್ತು ರೊಟ್ಟಿ. ತೂಕ ಇಪ್ಪತ್ತೊಂಬತ್ತು ಕಿಲೋ ಏಳುನೂರು ಗ್ರಾಂ. ಉಳಿದ ಮುನ್ನೂರು ಗ್ರಾಮಿನಲ್ಲಿ ಶೇಂಗಾ ಚಟ್ನಿಪುಡಿ. ಬಟ್ಟೆಗೆ ಜಾಗವಿಲ್ಲವಲ್ಲ ಎಂದು ದುರುಗವ್ವ ಕೇಳಿದಾಗ ಅವನು ಅದಕ್ಕೂ ತಯಾರಿದ್ದ.

“ಮೂರು ಅಂಗಿ, ಎರಡು ಪ್ಯಾಂಟು ಮೈಮ್ಯಾಲ ಹಾಕ್ಕೊಂಡು ಹೋಗ್ತೀನಿ. ಮೈಮ್ಯಾಲಿಂದು ತೂಗಂಗಿಲ್ಲಂತ.”

ಹೊಸ ವರ್ಷದ ಎರಡನೇ ದಿನ ದುರುಗವ್ವನ ಅಣ್ಣ ಯಲಬುರ್ಗಾದಿಂದ ಒಂದು ಚೀಲ ಜೋಳ ಕಳಿಸಿದ. ಹೊರಡಲು ಹತ್ತೇ ದಿನ. ಅಷ್ಟು ರೊಟ್ಟಿ ಒಂದು ಹಂಚಿನ ಮೇಲೆ ಏಳುವುದಿಲ್ಲವೆಂದು ದುರುಗವ್ವ ಪಕ್ಕದ ಮನೆಯ ಬಾನುಬೀಯ ಬಳಿ ಇನ್ನೊಂದು ಹಂಚು ಕೇಳಲು ಹೋದಳು.

“ಎಷ್ಟು ರೊಟ್ಟಿ ದುರುಗವ್ವಕ್ಕಾ?”

“ಐದುನೂರರ ಮ್ಯಾಲ ಆಗತಾವ.”

ಕೊಪ್ಪಳ ಸೀಮೆಯಲ್ಲಿ ಜನವರಿ ತಿಂಗಳಲ್ಲಿ ಹೆಣ್ಣುಮಗಳೊಬ್ಬಳು ಐದುನೂರು ರೊಟ್ಟಿಯ ಮಾತೆತ್ತಿದರೆ ಅದಕ್ಕೆ ಇರುವುದು ಒಂದೇ ಅರ್ಥ. ಆ ದಿನಗಳಲ್ಲಿ ಕೊಪ್ಪಳದ ಮಠದ ಜಾತ್ರೆಯ ದಾಸೋಹಕ್ಕೆಂದು ಊರೂರೇ ರೊಟ್ಟಿ ಬಡಿದು ಟ್ರ್ಯಾಕ್ಟರು ತುಂಬಿಸಿ ಕಳಿಸುತ್ತದೆ. ಒಬ್ಬ ಮನುಷ್ಯ ತನ್ನೊಬ್ಬನ ಹೊಟ್ಟೆಗೆ ಐದುನೂರ ನಲವತ್ತು ರೊಟ್ಟಿ ಮಾಡಿಸುತ್ತಿದ್ದಾನೆಂದು ಊಹಿಸುವಷ್ಟು ಕೆಟ್ಟ ಮನಸ್ಸು ಸಿದ್ದಾಪುರದಲ್ಲಿ ಯಾರಿಗೂ ಇರಲಿಲ್ಲ. ಬಾನುಬೀಗಂತೂ ಇರಲಿಲ್ಲ. ಅವಳು ಹಂಚಿನ ಜೊತೆಗೆ ತಾನೂ ಎದ್ದು ಬಂದು, ಕಟ್ಟೆಯ ಮೇಲೆ ಕೂತಿದ್ದ ಯಂಕೋಬನೆದುರು ಕೈ ಮುಗಿದಳು.

“ಯಂಕೋಬಣ್ಣ, ಒಂದು ಮಾತು ಹೇಳ್ತೀನಿ, ಸಿಟ್ಟಾಗಬ್ಯಾಡ. ಇಷ್ಟು ದಿನ ನಾವು ಓಣ್ಯಾಗ ಏನಂತಿದ್ವಿ ಗೊತ್ತೇನು? ಚಹಾದ ದುಡ್ಡು ಕೊಡೂ ಮುಂದ ಕಿಸೆ ಹುಡುಕ್ತಾನ, ಹುಡುಕೂದ ಮುಗಿಯಂಗಿಲ್ಲ ಅಂತಿದ್ವಿ. ಪರದೇಶಕ್ಕ ಹೋಗಾಕಿಂತ ಮೊದಲ ದಾಸೋಹಕ್ಕ ರೊಟ್ಟಿ ಕೊಡಬೇಕು ಅಂತ ನಿನ್ನ ಮನಸಿಗೆ ಬಂತಲ್ಲ! ನಿನ್ನ ಕೈ ದೊಡ್ಡದೈತಿ.”

ದುರುಗವ್ವ ಬಾಯಿ ತೆರೆದಳು. ಅಷ್ಟರಲ್ಲಿ ಯಂಕೋಬ ಹೂಂ ಅಂದುಬಿಟ್ಟಿದ್ದ. ಯಾಕೆಂದನೆಂದು ಅವನನ್ನೇ ಕೇಳಿದ್ದರೂ ಹೇಳುತ್ತಿರಲಿಲ್ಲ. ಅವನ ಕೈ ದೊಡ್ಡದೆಂದು ಅಲ್ಲಿಯವರೆಗೆ ಯಾರೂ ಅಂದಿರಲಿಲ್ಲ.

“ಹೂಂ ಅಂದ್ರೆಲ್ಲ!” ಬಾನುಬೀ ಹೋದ ಮೇಲೆ ದುರುಗವ್ವ ತಿರುಗಿಬಿದ್ದಳು. “ಈಗೇನ್ ಮಾಡೂದು?”

“ಒಂದು ನೂರು ದಾಸೋಹಕ್ಕ ಕೊಟ್ರಾತು. ಉಳಿದದ್ದು ನಮ್ದು. ಯಾರ್ ಎಣಸ್ತಾರ?”

ಎಣಿಸಲು ಓಣಿಯೇ ಬಂತು. ಮರುದಿನ ಮುಂಜಾನೆ ಏಳು ಮಂದಿ ಹೆಂಗಸರು ತಮ್ಮ ತಮ್ಮ ಮನೆಯ ಜೋಳದ ಹಿಟ್ಟು, ಹಂಚು, ರೊಟ್ಟಿ ಬಡಿಯುವ ಕಲ್ಲು ಹೊತ್ತು ಅಂಗಳಕ್ಕೆ ಇಳಿದರು. ಹತ್ತು ಗಂಟೆಗೆ ಹದಿಮೂರು ಒಲೆಗಳಾದವು. ಪಟಪಟ ಸದ್ದು ಮಿಲ್ಲಿನವರೆಗೆ ಕೇಳಿ, ಸಾಹುಕಾರರು ಎರಡು ಚೀಲ ಜೋಳದ ದುಡ್ಡು ಕಳಿಸಿಕೊಟ್ಟರು.

ಅದೇ ದಿನ ಯಂಕೋಬ ಇನ್ನೊಂದು ಉಳಿತಾಯ ಮಾಡಿದ. ಗಯಾನಾದಲ್ಲಿ ಕ್ಷೌರಕ್ಕೆ ಒಂದೂವರೆ ಸಾವಿರ ಎಂಬುದು ಅವನ ಮನಸ್ಸಿನಿಂದ ಹೋಗಿರಲಿಲ್ಲ. ಕ್ಷೌರದಂಗಡಿಗೆ ಹೋಗಿ ತಲೆಯನ್ನು ಪೂರ್ತಿ ಬೋಳಿಸಿಕೊಂಡ. ಹೀಗಾದರೆ ಎರಡು ತಿಂಗಳು ಆ ಕಡೆ ನೋಡಬೇಕಾಗಿಲ್ಲ. ನುಣ್ಣಗಿನ ತಲೆ ಹೊತ್ತು ಅವನು ಅಂಗಳಕ್ಕೆ ಬಂದಾಗ ಹದಿಮೂರೂ ಒಲೆಯ ಮುಂದೆ ಕೈ ನಿಂತವು.

“ಮುಡಿ ಕೊಟ್ಟಾನ!” ಎಂದಳು ಬಾನುಬೀ. “ಹರಕಿ ಹೊತ್ತಾನ. ಬಾಯಿ ಬಿಟ್ಟು ಹೇಳಲಿಲ್ಲ ನೋಡ್ರಿ.”

ಸಂಜೆಯ ಹೊತ್ತಿಗೆ ಸುದ್ದಿ ಪಂಚಾಯ್ತಿ ಮೆಂಬರ್ ಕಲ್ಲೇಶನ ಕಿವಿಗೆ ಬಿತ್ತು. ಕಲ್ಲೇಶನಿಗೆ ಊರಿನ ಯಾವ ಒಳ್ಳೆಯ ಕೆಲಸವನ್ನು ಕಂಡರೂ ಅದರ ಮುಂದೆ ತನ್ನ ಫೋಟೋ ಇಲ್ಲವಲ್ಲ ಎಂಬ ಕಳವಳ. ಅವನು ಬಂದು ರೊಟ್ಟಿಯ ರಾಶಿಗಳ ನಡುವೆ ಸೊಂಟಕ್ಕೆ ಕೈಯಿಟ್ಟು ನಿಂತ.

“ಎಷ್ಟು ಆದವು?”

“ಒಂಬೈನೂರು,” ಎಂದರು ಹೆಂಗಸರು.

“ಬರೇ ಒಂಬೈನೂರು? ಹ್ವಾದ ವರ್ಷ ಬಾಜೂ ಊರಾವ್ರು ನಾಕು ಸಾವಿರ ಕಳಿಸ್ಯಾರ. ನಾವು ಐದು ಮುಟ್ಟಿಸಬೇಕು. ಯಂಕೋಬ, ನೀ ಹೂಂ ಅನ್ನು, ಮುಂದಿಂದು ನಂಗ ಬಿಡು.”

ಯಂಕೋಬನಿಗೆ ಹೂಂ ಅನ್ನುವುದು ಈಗ ರೂಢಿಯಾಗಿತ್ತು.

ಎರಡು ದಿನದಲ್ಲಿ ಓಣಿಯ ಬಾಯಿಗೆ ಬ್ಯಾನರು ಬಂತು. ‘ವಿದೇಶ ಪ್ರಯಾಣದ ನಿಮಿತ್ತ ಶ್ರೀ ಯಂಕೋಬ ಅವರಿಂದ ರೊಟ್ಟಿ ಸೇವೆ’ ಎಂದು ಬರೆದಿತ್ತು. ಯಂಕೋಬನ ಬೋಳು ತಲೆಯ ಫೋಟೋ ಅಂಚೆಚೀಟಿಯಷ್ಟಿತ್ತು. ಕಲ್ಲೇಶ ಕೈ ಮುಗಿದು ನಿಂತ ಫೋಟೋ ಆಳೆತ್ತರಕ್ಕಿತ್ತು.

ಇನ್ನು ಆ ಮನೆಯ ಊಟದ ಸ್ಥಿತಿ. ದಾಸೋಹದ ರೊಟ್ಟಿಯನ್ನು ಮಠಕ್ಕೆ ಮುಟ್ಟುವ ಮೊದಲು ಯಾರೂ ಮುರಿಯುವ ಹಾಗಿಲ್ಲ. ಅಂಗಳದಲ್ಲಿ, ಪಡಸಾಲೆಯಲ್ಲಿ, ಮಂಚದ ಮೇಲೆ, ಯಂಕೋಬನ ಹಾಸಿಗೆಯ ಮೇಲೆ ಸೊಂಟದೆತ್ತರಕ್ಕೆ ರೊಟ್ಟಿ. ಅವುಗಳ ನಡುವೆ ಚೂರು ಜಾಗ ಮಾಡಿಕೊಂಡು ಯಂಕೋಬ ಒಂದು ವಾರ ಬರೀ ಅನ್ನ ಉಂಡ. ಗಯಾನಾದಲ್ಲಿ ಶುರುವಾಗಬೇಕಿದ್ದ ಕಷ್ಟ ಸಿದ್ದಾಪುರದಲ್ಲೇ ಶುರುವಾಯಿತು.

ಹಾಗಂತ ಅವನು ಕೈ ಕಟ್ಟಿ ಕೂರಲಿಲ್ಲ. ಟ್ರ್ಯಾಕ್ಟರು ಬರುವ ಹಿಂದಿನ ಮಧ್ಯಾಹ್ನ, ಹೆಂಗಸರೆಲ್ಲ ಊಟಕ್ಕೆ ಹೋದಾಗ, ಥಪ್ಪಿ ಥಪ್ಪಿಯಾಗಿ ಪೇರಿಸಿಟ್ಟಿದ್ದ ರೊಟ್ಟಿಯಲ್ಲಿ ಎಂಟು ಥಪ್ಪಿ ಎತ್ತಿ ತನ್ನ ಹೊಸ ಸೂಟ್‌ಕೇಸಿನಲ್ಲಿ ಜೋಡಿಸಿ, ಮೇಲೆ ಪಂಚೆ ಹೊದಿಸಿ ಜಿಪ್ಪು ಎಳೆದ. ನಾಲ್ಕು ಗಂಟೆಗೆ ಬಾನುಬೀ ಎಣಿಸಲು ಕೂತಳು. ಅವಳ ಎಣಿಕೆ ತಪ್ಪುವಂಥದ್ದಲ್ಲ.

“ಎಂಟು ಥಪ್ಪಿ ಕಮ್ಮಿ ಬರಾಕತ್ತಾವ.”

ಓಣಿಗೆ ಓಣಿಯೇ ಹುಡುಕತೊಡಗಿತು. ಮಂಚದ ಕೆಳಗೆ ಬಗ್ಗಿದ ಒಬ್ಬಳಿಗೆ ಸೂಟ್‌ಕೇಸು ಸಿಕ್ಕಿತು. ಎಳೆಯಲು ಹೋದರೆ ಏಳಲಿಲ್ಲ. ಜಿಪ್ಪು ತೆಗೆದರು. ಪಂಚೆ ಸರಿಸಿದರು. ಯಂಕೋಬ ಬಾಗಿಲಲ್ಲಿ ನಿಂತು ಭೂಮಿ ಬಿರಿಯುವುದನ್ನೇ ಕಾಯುತ್ತಿದ್ದ.

“ಅಯ್ಯ ನಮ್ಮಣ್ಣ!” ಬಾನುಬೀಯ ಕಣ್ಣಲ್ಲಿ ನೀರೇ ಬಂತು. “ಇಲಿ ಮುಟ್ಟಬಾರದಂತ ತನ್ನ ಹೊಸಾ ಪೆಟಗ್ಯಾಗ ಇಟ್ಟಾನ. ತನ್ನ ಅಂಗಿ ಹೊರಗ ಬಿಸಾಕಿ ರೊಟ್ಟಿ ಒಳಗ ಇಟ್ಟಾನ. ಇಂಥಾವ್ನ ಎಲ್ಲಿ ನೋಡೀರಿ?”

ಎಲ್ಲಿಯೂ ನೋಡಿಲ್ಲವೆಂದು ಎಲ್ಲರೂ ಒಪ್ಪಿದರು.

ಮರುದಿನ ಅದೇ ಓಣಿಯ ಮೌಲಾಹುಸೇನ ತನ್ನ ಟ್ರ್ಯಾಕ್ಟರಿಗೆ ಬಾಳೆಕಂಬ ಕಟ್ಟಿ, ಚೆಂಡುಹೂ ಸುತ್ತಿ ತಂದು ನಿಲ್ಲಿಸಿದ. ಐದು ಸಾವಿರದ ಇನ್ನೂರು ರೊಟ್ಟಿ ಹಾಸಿದ ಬಟ್ಟೆಯ ಮೇಲೆ ಏರಿದವು. ಡೊಳ್ಳು ಮುಂದೆ, ಕಲ್ಲೇಶ ಅದರ ಹಿಂದೆ, ರೊಟ್ಟಿ ಅವನ ಹಿಂದೆ. ಯಂಕೋಬನನ್ನು ಮಡ್‌ಗಾರ್ಡಿನ ಮೇಲೆ ಕೂರಿಸಿದರು. ಸಿದ್ದಾಪುರದಿಂದ ಕೊಪ್ಪಳದವರೆಗೆ ಅವನು ಹಿಂತಿರುಗಿ ತನ್ನ ರೊಟ್ಟಿಗಳನ್ನು ನೋಡುತ್ತಲೇ ಹೋದ. ದಾರಿಯಲ್ಲಿ ಕಂಡವರು ಅದನ್ನೂ ಭಕ್ತಿಯೆಂದೇ ತಿಳಿದರು.

ದಾಸೋಹದ ಉಗ್ರಾಣದ ಬಾಗಿಲಲ್ಲಿ ಬಿಳಿ ಟೋಪಿಯ ಮುದುಕರೊಬ್ಬರು ಪುಸ್ತಕ ಹಿಡಿದು ಕೂತಿದ್ದರು. ಊರು, ಹೆಸರು, ರೊಟ್ಟಿ ಬರೆದುಕೊಂಡರು. ಹುರುಪಿನ ಜನ ಬುಟ್ಟಿ ಬುಟ್ಟಿಯಾಗಿ ರೊಟ್ಟಿಯನ್ನು ಒಳಗೆ ಒಯ್ಯತೊಡಗಿದರು. ಅರ್ಧ ಗಾಡಿ ಖಾಲಿಯಾಗುವವರೆಗೆ ಯಂಕೋಬ ತಡೆದುಕೊಂಡ. ಹೊರಡಲು ಎರಡೇ ದಿನವಿತ್ತು. ಕಲ್ಲೇಶ ಫೋಟೋ ತೆಗೆಸಿಕೊಳ್ಳುತ್ತಿದ್ದ ಸಂದಿಯಲ್ಲಿ ಅವನು ಮುದುಕರ ಹತ್ತಿರ ಬಗ್ಗಿದ.

“ಅಜ್ಜಾರ, ಪ್ರಸಾದ ಅಂತ ನಾಕು ರೊಟ್ಟಿ ವಾಪಸ್ ಸಿಗತಾವೇನ್ರಿ?”

“ಯಾಕ ಸಿಗಂಗಿಲ್ಲ ತಮ್ಮಾ, ಎಷ್ಟು ಬೇಕು?”

“ಐದುನೂರ ನಲವತ್ತು.”

ಮುದುಕರು ಪೆನ್ನು ಕೆಳಗಿಟ್ಟರು. “ಎಷ್ಟು ಮಂದಿ ಬಂದೀರಿ?”

“ಮಂದಿ ಭಾಳ ಬಂದಾರ್ರಿ. ಆದ್ರ ರೊಟ್ಟಿ ನಂಗೊಬ್ಬಂಗ.”

“ಒಬ್ಬಂಗ?”

“ಆರು ತಿಂಗಳಿಗ್ರಿ.”

ಮುದುಕರು ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು ಯಂಕೋಬನನ್ನು ತಲೆಯಿಂದ ಕಾಲಿನವರೆಗೆ ನೋಡಿದರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ.

“ಇಲ್ಲೆ ಪಂಕ್ತಿಯೊಳಗ ಕುಂತು ಉಣ್ಣು. ಆರು ತಿಂಗಳ ಕುಂತ್ರೂ ನಿನ್ನ ಯಾರೂ ಏಳು ಅನ್ನಂಗಿಲ್ಲ. ಕಟಗೊಂಡು ಹೋಗಾಕ ಮಾತ್ರ ಐದು ಕೊಡ್ತೀನಿ.”

ಅಷ್ಟರಲ್ಲಿ ಕಲ್ಲೇಶ ಹಿಂದೆಯೇ ನಿಂತಿದ್ದ. ಅವನ ಮುಖ ಮೊದಲು ಕೆಂಪಾಯಿತು, ಆಮೇಲೆ ಬೆಳ್ಳಗಾಯಿತು. “ತಮಾಷಿ ಮಾಡ್ತಾನ್ರಿ ಅಜ್ಜಾರ, ಇವನ ಸ್ವಭಾವನ ಹಂಗ,” ಎಂದು ಗಟ್ಟಿಯಾಗಿ ನಕ್ಕು, ಯಂಕೋಬನ ರಟ್ಟೆ ಹಿಡಿದು ಕಂಬದ ಮರೆಗೆ ಎಳೆದ.

“ಲೇ, ನಿನ್ನ ಹೊಟ್ಟಿಗೆ ಮಾಡಿಸಿದ್ದೇನಲೇ ಇವನ್ನ?”

“ಮೊದಲ ಹಂಗ ಇತ್ತು ಕಲ್ಲೇಶಣ್ಣ. ಆಮ್ಯಾಲ ಎಲ್ಲಾರೂ ಕೂಡಿ...”

“ಬಾಯಿ ಮುಚ್ಚು. ಬ್ಯಾನರ್‌ನ್ಯಾಗ ನನ್ನ ಫೋಟೋ ಐತಿ. ನೀ ಭಕ್ತ. ತಿಳೀತಿಲ್ಲೋ? ಸಾಯೂ ಮಟ ಭಕ್ತ.”

ಹೀಗೆ ಯಂಕೋಬ ಭಕ್ತನಾಗಿ ಊರಿಗೆ ಮರಳಿದ. ಎರಡು ದಿನ ಕಳೆದು ಸೂಟ್‌ಕೇಸಿನಲ್ಲಿ ಬಟ್ಟೆ, ಚಟ್ನಿಪುಡಿ, ಮಠದ ಐದು ರೊಟ್ಟಿ ಇಟ್ಟುಕೊಂಡು ವಿಮಾನ ಹತ್ತಿದ. ಎರಡನೇ ವಿಮಾನ ಬದಲಿಸುವ ಹೊತ್ತಿಗೆ ಐದೂ ಮುಗಿದಿದ್ದವು.

ಗಯಾನಾದಲ್ಲಿ ಅವನಿಗೆ ಸಿಕ್ಕಿದ್ದು ಎಸೆಕ್ವಿಬೊ ಎಂಬ ಹೊಳೆ ಸಮುದ್ರಕ್ಕೆ ಸೇರುವ ಕಡೆಯ ಒಂದು ಹಳ್ಳಿ. ಕಾಲುವೆ, ಗದ್ದೆ, ಮಿಲ್ಲಿನ ಧೂಳು ಎಲ್ಲ ಊರಿನಂತೆಯೇ ಇತ್ತು. ಮನೆಗಳು ಮಾತ್ರ ಕಂಬಗಳ ಮೇಲೆ ನಿಂತಿದ್ದವು. ಮೇಲಿನ ಕೋಣೆ ಅವನಿಗೆ, ಹಿಂದಿನ ಮನೆಯಲ್ಲಿ ಯಜಮಾನಿ ಮುದುಕಿ. ಎಲ್ಲರೂ ಅವಳನ್ನು ಆಂಟಿ ಎನ್ನುತ್ತಿದ್ದರು. ಅವಳ ಮುತ್ತಜ್ಜ ಯಾವುದೋ ಕಾಲದಲ್ಲಿ ಕಬ್ಬಿನ ತೋಟದ ಕೂಲಿಗೆಂದು ಹಿಂದೂಸ್ಥಾನದಿಂದ ಹಡಗು ಹತ್ತಿ ಬಂದವನು. ಅವಳಿಗೆ ಬರುವುದು ಅಲ್ಲಿನ ಇಂಗ್ಲಿಷು. ಯಂಕೋಬನಿಗೆ ಬರುವ ಇಂಗ್ಲಿಷು ಬೇರಿಂಗು, ಬೆಲ್ಟು, ರೋಲರು. ಇಬ್ಬರೂ ಕೈಸನ್ನೆಯಲ್ಲಿ ಸುಧಾರಿಸಿಕೊಂಡರು.

ಮೊದಲ ದಿನ ಹೋಟೆಲಿನಲ್ಲಿ ಎರಡು ಸಾವಿರ ಕೊಟ್ಟು ಉಂಡವನು ಆ ರಾತ್ರಿ ಸ್ಲ್ಯಾಬಿನ ಒಂದು ಮೂಲೆ ಮುರಿದು ಬಿದ್ದಂತೆ ನರಳಿದ. ಎರಡನೇ ದಿನದಿಂದ ಮೆಟ್ಟಿಲ ಮೇಲೆ ಕೂತು ಬಾಳೆಹಣ್ಣು ತಿನ್ನತೊಡಗಿದ. ಬೋಳು ತಲೆ, ಇಳಿದ ಮುಖ, ಮೂರು ಹೊತ್ತು ಬಾಳೆಹಣ್ಣು. ಆಂಟಿ ಮೂರು ದಿನ ಕಿಟಕಿಯಿಂದ ನೋಡಿದಳು. ಪಾಪ, ಯಾರನ್ನೋ ಕಳೆದುಕೊಂಡು ಬಂದಿದ್ದಾನೆಂದು ತೀರ್ಮಾನಿಸಿ, ನಾಲ್ಕನೇ ದಿನ ಒಂದು ದೊಡ್ಡ ಡಬ್ಬಿ ತಂದು ಅವನ ಕೈಗಿಟ್ಟಳು. ಒಳಗೆ ಬಿಸಿಬಿಸಿ ರೊಟ್ಟಿ! ಗೋಧಿಯವು, ಎಣ್ಣೆ ಸವರಿದವು, ಆದರೂ ರೊಟ್ಟಿ. ಪಕ್ಕದಲ್ಲಿ ಬೇಳೆ, ಕುಂಬಳಕಾಯಿ ಪಲ್ಯ. ದುಡ್ಡು ಕೊಡಲು ಹೋದರೆ ಅವಳು ಎದೆಯ ಮೇಲೆ ಕೈಯಿಟ್ಟು ತಲೆ ಅಲ್ಲಾಡಿಸಿದಳು. ಮರುದಿನವೂ ತರುತ್ತೇನೆಂದು ಬೆರಳು ತೋರಿಸಿ ಹೇಳಿದಳು.

ಯಂಕೋಬ ರೊಟ್ಟಿ ಮುರಿಯುತ್ತ ಮನಸ್ಸಿನಲ್ಲಿ ಸ್ಲ್ಯಾಬಿಗೆ ಕಬ್ಬಿಣ ಕಟ್ಟಿದ. ಉಂಡು, ಡಬ್ಬಿ ತೊಳೆದು, ಒರೆಸಿ, ಕೊಡಲು ಹೊರಟವನು ಅರ್ಧ ಮೆಟ್ಟಿಲಲ್ಲಿ ನಿಂತ. ಕೈಯಲ್ಲಿ ಖಾಲಿ ಡಬ್ಬಿ. ಅವನ ನಲವತ್ತಾರು ವರ್ಷದಲ್ಲಿ ನೆರೆಮನೆಯಿಂದ ತುಂಬಿ ಬಂದ ಡಬ್ಬಿ ಅವನ ಮನೆಯಿಂದ ಖಾಲಿ ಹೋದದ್ದಿಲ್ಲ. ಏನೂ ಇಲ್ಲದ ದಿನ ದುರುಗವ್ವ ಒಂದು ಹಿಡಿ ಸಕ್ಕರೆಯಾದರೂ ಹಾಕುತ್ತಿದ್ದಳು.

ಅವನು ಅಂಗಡಿಗೆ ಹೋದ. ಅಲ್ಲಿ ಅಗ್ಗಕ್ಕೆ ಸಿಗುವುದು ಬಾಳೆ, ಮಾವು, ತೆಂಗು. ಅವೆಲ್ಲ ಆಂಟಿಯ ಹಿತ್ತಲಲ್ಲೇ ಬಿದ್ದು ಕೊಳೆಯುತ್ತಿದ್ದವು. ಅವಳ ಹಿತ್ತಲಿನದನ್ನೇ ಅವಳ ಡಬ್ಬಿಗೆ ಹಾಕಿ ಕೊಡುವುದು ಹೇಗೆ? ಉಳಿದದ್ದು ಹಡಗಿನಲ್ಲಿ ಬಂದ ಸೇಬು, ದ್ರಾಕ್ಷಿ. ಕಣ್ಣು ಮುಚ್ಚಿ ನಾಲ್ಕು ಸೇಬು ತೆಗೆದುಕೊಂಡ.

ಡಬ್ಬಿಯಲ್ಲಿ ಸೇಬು ಕಂಡು ಆಂಟಿ ಬೆರಗಾದಳು. ಬಡಪಾಯಿ, ಸಂಕಟದಲ್ಲೂ ಎಂಥ ಗುಣ! ಮರುದಿನದ ಡಬ್ಬಿ ಇನ್ನೊಂದು ಅಂತಸ್ತು ಬೆಳೆದಿತ್ತು. ಇವನು ದ್ರಾಕ್ಷಿ ಹಾಕಿದ. ಆಂಟಿ ಪಾಯಸ ಹಾಕಿದಳು. ಇವನು ಒಮ್ಮೆ ಹೂಕೋಸನ್ನೇ ಇಟ್ಟ. ಮುಂದಿನ ವಾರ ಈ ವಿಚಿತ್ರ ನೋಡಿದ ಆಂಟಿಯ ತಂಗಿಯೂ ಒಂದು ಡಬ್ಬಿ ಕಳಿಸಿದಳು. ಆಮೇಲೆ ಎದುರುಮನೆಯವರೂ ಸೇರಿಕೊಂಡು, ಎರಡು ತಿಂಗಳು ತುಂಬುವ ಹೊತ್ತಿಗೆ ಮೂರು ಮನೆಯ ಡಬ್ಬಿಗಳು ದಿನಾ ತುಂಬಿ ಬಂದು ತುಂಬಿ ಹೋಗುತ್ತಿದ್ದವು. ಯಂಕೋಬನ ಊಟದ ಖರ್ಚು ಸೊನ್ನೆ. ಬತ್ತೆಯೂ ಸೊನ್ನೆಗೆ ಬರುತ್ತಿತ್ತು.

ಏಪ್ರಿಲಿನ ಒಂದು ಮುಂಜಾನೆ ಅವನು ವೀಡಿಯೊ ಕಾಲ್ ಮಾಡಿದ. ಸಿದ್ದಾಪುರದಲ್ಲಿ ಆಗ ಇಳಿಹೊತ್ತು. ದುರುಗವ್ವ ತಗಡಿನ ಕೆಳಗೆ ಸೆರಗಿನಿಂದ ಗಾಳಿ ಬೀಸಿಕೊಳ್ಳುತ್ತ ಕೂತಿದ್ದಳು. ಹಣೆಯ ಕುಂಕುಮ ಬೆವರಿಗೆ ಮೂಗಿನ ತನಕ ಇಳಿದಿತ್ತು.

“ಎಷ್ಟು ಉಳೀತ್ರಿ?”

“ಊಟಕ್ಕ ಒಂದು ರೂಪಾಯಿ ಖರ್ಚ ಇಲ್ಲ ನೋಡು.”

“ಹಂಗಾರ ಎಲ್ಲಾ ಉಳಿದಿರಬೇಕಲ್ಲ? ಮೇಸ್ತ್ರಿ ಕೇಳಾಕತ್ತಾನ. ಕಬ್ಬಿಣ ಯಾವಾಗ ತರಿಸೂದು ಅಂತ.”

ಯಂಕೋಬ ಒಮ್ಮೆ ಕೆಮ್ಮಿ ಎಲ್ಲವನ್ನೂ ಹೇಳಿದ. ಆಂಟಿ, ಡಬ್ಬಿ, ಸೇಬು, ಆಂಟಿಯ ತಂಗಿ. ಕೈಯಲ್ಲಿ ಉಳಿದದ್ದು ಎಷ್ಟೆಂದು ಹೇಳುವಾಗ ದನಿ ಸಣ್ಣದಾಯಿತು. ದುರುಗವ್ವ ತಲೆಯೆತ್ತಿ ತಗಡನ್ನು ನೋಡಿದಳು. ಬಿಸಿಲಿಗೆ ಅದು ಟಿಕ್ ಟಿಕ್ ಎನ್ನುತ್ತಿದ್ದುದು ಗಯಾನಾದವರೆಗೆ ಕೇಳುತ್ತಿತ್ತು.

“ನಾ ಒಂದು ವಿಚಾರ ಮಾಡೀನಿ,” ಎಂದ ಯಂಕೋಬ ಅವಸರದಿಂದ. “ಇವತ್ತಿಂದ ಡಬ್ಬಿ ಖಾಲಿನ ಕೊಡ್ತೀನಿ. ಇಲ್ಲಿ ಮಂದಿಗೆ ನಮ್ಮ ರೂಢಿ ಗೊತ್ತಿಲ್ಲ. ಯಾರೂ ಏನೂ ಅನ್ನಂಗಿಲ್ಲ. ಇನ್ನೂ ಮೂರು ತಿಂಗಳೈತಿ. ಅರ್ಧ ಸ್ಲ್ಯಾಬರ ಆಗತೈತಿ.”

“ಖಾಲಿ ಡಬ್ಬಿ?”

“ಹೂ.”

ಬೀಸುತ್ತಿದ್ದ ಸೆರಗು ನಿಂತಿತು.

“ಆ ಮುದುಕಿ ದಿನಾ ಬಿಸಿ ರೊಟ್ಟಿ ಮಾಡಿ ಕಳಸ್ತಾಳ. ನೀವು ಖಾಲಿ ಡಬ್ಬಿ ಹಿಡಕೊಂಡು ಆಕಿ ಬಾಗಲಕ್ಕ ಹೋಗಿ ನಿಂದರತೀರಿ? ಎಂಥಾ ಮನಿಯಿಂದ ಬಂದಾನಿವ ಅಂತ ಆಕಿ ಅನ್ನಂಗಿಲ್ಲೇನು? ಆಕಿ ಅನ್ನದಿದ್ರೂ ನಂಗ ಗೊತ್ತಿರತೈತಲ್ಲ!”

“ಅಲ್ಲ ದುರುಗಿ, ಸ್ಲ್ಯಾಬ್...”

“ಸ್ಲ್ಯಾಬ್ ಎಲ್ಲೂ ಓಡಿ ಹೋಗಂಗಿಲ್ಲ. ನಿನ್ನೆ ಡಬ್ಬ್ಯಾಗ ಏನ್ ಹಾಕಿದ್ರಿ?”

“ಸೇಬು.”

“ಎಷ್ಟು?”

“ನಾಕು.”

“ಆಕಿ ಗಂಡ ಅದಾನೇನ್ರಿ?”

“ಅದಾನ. ದಿನಾ ಮನಿ ಕೆಳಗ ಜೋಲಿ ಕಟಗೊಂಡು ಮಲಗಿರತಾನ.”

“ಅದಾನ? ಮತ್ತ ಮುತ್ತೈದಿಗೆ ನಾಕು ಹಣ್ಣು ಕೊಡ್ತಾರೇನ್ರಿ ಯಾರರ? ಐದು ಹಾಕ್ರಿ.”

ಫೋನು ಇಟ್ಟು ಯಂಕೋಬ ಅಂಗಡಿಗೆ ಹೋದ. ಸೇಬಿನ ಬೆಲೆ ಆ ವಾರ ಮತ್ತೆ ಏರಿತ್ತು. ಅವನು ಒಂದೊಂದನ್ನೂ ಕಿವಿಯ ಹತ್ತಿರ ಹಿಡಿದು ಬೆರಳಿನಿಂದ ತಟ್ಟಿ ನೋಡಿ, ದೊಡ್ಡವನ್ನೇ ಐದು ಆರಿಸಿದ.